ಎರಡನೇ ತಟ್ಟೆ

ರುವಿಯ ಆ ಓಣಿಯಲ್ಲಿ, ಟೈಲರ್ ಅಂಗಡಿಗೂ ಲಾಂಡ್ರಿಗೂ ನಡುವೆ
ಕೋಯಾನ ಸಿನಿಮಾ ಗೂಡು.
ಒಂದು ಕಥೆಗೆ ಎರಡು ತಟ್ಟೆ, ಎರಡು ದಿನಕ್ಕೆ ಮುನ್ನೂರು ಬೈಸಾ.
ಮೊದಲನೆಯದು ನಾನು ನೋಡುತ್ತಿದ್ದೆ,
ಎರಡನೆಯದು ವಾರಿಜಾ.

ಒಪ್ಪಂದವೇನಲ್ಲ. ನನ್ನದು ರಾತ್ರಿ ಪಾಳಿ, ಬೇಕರಿಯ ಒಲೆ.
ಅವಳದು ಹಗಲು, ಹಲ್ಲಿನ ಡಾಕ್ಟರ ಪಕ್ಕ ನಿಂತು
ತೆರೆದ ಬಾಯಿಗಳಿಗೆ ದೀಪ ಹಿಡಿಯುವ ಕೆಲಸ.
ಸಂಜೆ ಆರರಿಂದ ಏಳು, ಒಂದೇ ಗಂಟೆ
ನಾವು ಗಂಡ ಹೆಂಡತಿ.
ಅದರೊಳಗೇ ಚಹಾ, ಊರಿಗೆ ಕಳಿಸುವ ದುಡ್ಡಿನ ಲೆಕ್ಕ,
ಮತ್ತೆ ಅರ್ಧರ್ಧ ಸಿನಿಮಾ.

‘ಎಲ್ಲಿ ಸಿಕ್ಕರು ಇಬ್ಬರು?’
ಬಸ್ಸಲ್ಲಿ.
‘ಕಿಟಕಿ ಯಾರದ್ದು?’
ನಾನು ಗಮನಿಸಿರಲಿಲ್ಲ.
‘ಮತ್ತೆ ನೋಡಿದ್ದೇನು ನೀವು?
ಕಿಟಕಿ ಬಿಟ್ಟುಕೊಟ್ಟನಾ, ಕೊಟ್ಟ ಮೇಲೆ
ಅಯ್ಯೋ ಕೊಟ್ಟೆನಲ್ಲಾ ಅಂತ ಒಳಗೊಳಗೆ ಮರುಗಿದನಾ,
ಅದು ತಿಳಿಯದೆ ಮುಂದಿನದನ್ನು ನಾನು ಹೇಗೆ ನಂಬಲಿ?’

ಅಂದಿನಿಂದ ನಾಯಕನ ಮುಖ ಬಿಟ್ಟು ಕೈ ನೋಡಲು ಕಲಿತೆ.
ಅವಳೆದುರು ಅವು ಸುಮ್ಮನೆ ನೇತಾಡುತ್ತವೋ,
ಜೇಬಿನ ಬೀಗದ ಕೈ ತಿರುವುತ್ತವೋ.
ಅವಳು ನಕ್ಕದ್ದು ಅವನ ಮಾತಿಗೋ, ಮಾತು ತಪ್ಪಿದ್ದಕ್ಕೋ.
ಒಂದೇ ಹಾಡಿಗೆ ಹನ್ನೆರಡು ಸೀರೆ ಉಟ್ಟವಳು
ಮರುದಿನ ಯಾವುದನ್ನು ಒಗೆದು ಒಣಹಾಕಿದಳು.
ಮಳೆಯಲ್ಲಿ ನೆನೆದು ಪ್ರೀತಿಯಾಯಿತು ಎಂದರೆ
ವಾರಿಜಾ ನಗುತ್ತಿದ್ದಳು: ರುವಿಯಲ್ಲಿ ಮೇಲಿಂದ ಬೀಳುವುದು
ಯಾರದೋ ಎಸಿಯ ನೀರು,
ಅದರ ಕೆಳಗೆ ಯಾರೂ ಕೈ ಚಾಚಿ ಸುತ್ತುವುದಿಲ್ಲ.
ಮೊದಲ ನೋಟದವರನ್ನೆಲ್ಲ ನಾನು ಬೇಗ ಓಡಿಸಿಬಿಡುತ್ತಿದ್ದೆ.
ಮೂರನೇ ಸಲ ಸಿಕ್ಕಾಗ ಹೆಸರು ತಪ್ಪಾಗಿ ಕರೆದು
ಕಿವಿ ಕೆಂಪಾದವನೊಬ್ಬ ಇದ್ದರೆ
ಅವನನ್ನು ಸಂಜೆಗೆಂದು ಎತ್ತಿಡುತ್ತಿದ್ದೆ,
ಬಿಸಿ ಕುಬ್ಬೂಸಿನ ಹಾಗೆ, ಬಟ್ಟೆ ಸುತ್ತಿ.

ಬಸ್ಸಿನವರ ಕಥೆ ಮುಗಿದದ್ದು ಹೀಗಂತೆ:
‘ಅವನು ತಡವಾಗಿ ಬಂದ. ಕೊನೆಯ ಬಸ್ಸು ಹೋಗಿಯಾಗಿದೆ.
ಇವಳು ಹೋಗಿಲ್ಲ. ಕಲ್ಲುಬೆಂಚಿನ ಮೇಲೆ ಕೂತು
ಕಿತ್ತ ಚಪ್ಪಲಿಯ ಉಂಗುಷ್ಠಕ್ಕೆ ಪಿನ್ನು ಚುಚ್ಚುತ್ತಿದ್ದಾಳೆ.
ದಾರಿಯುದ್ದ ಏನೇನೋ ಬಾಯಿಪಾಠ ಮಾಡಿ ಬಂದವನು
ಕೇಳಿದ್ದು, ಊಟ ಆಯ್ತಾ?’
ಅವಳು?
‘ಇಲ್ಲ ಅಂದಳು.’
ಆಮೇಲೆ?
‘ಆಮೇಲೆ ಏನು, ಪರದೆ ಕಪ್ಪು. ಏಳಾಯ್ತು, ಹೊರಡಿ.’

ಆ ‘ಇಲ್ಲ’ವನ್ನು ಬೇಕರಿಯ ತನಕ ಒಯ್ದೆ.
ಹಿಟ್ಟು ಉಬ್ಬುವವರೆಗೂ ಜೊತೆಗಿತ್ತು.

ಹಬ್ಬಕ್ಕೆ ಕೋಯಾ ಅಂಗಡಿ ಮುಚ್ಚಿದ್ದ,
ತಟ್ಟೆಗಳು ಮನೆಯಲ್ಲೇ ಉಳಿದವು.
ನನಗೆ ಜ್ವರ, ನಿದ್ದೆ ಇಲ್ಲ, ಹಗಲು ಗೋಡೆಯಷ್ಟು ಬಿಸಿ.
ಸುಮ್ಮನೆ ಗುಂಡಿ ಒತ್ತಿದೆ.

ಎರಡನೇ ತಟ್ಟೆಯಲ್ಲಿ ಬಸ್‌ಸ್ಟ್ಯಾಂಡೇ ಇರಲಿಲ್ಲ.
ವಿಮಾನ ನಿಲ್ದಾಣ. ನಾಯಕ ಕಾವಲಿನವರನ್ನು ದಾಟಿ ಓಡಿದ
(ಸೀಬ್‌ನಲ್ಲಿ ಒಮ್ಮೆ ಓಡಿ ನೋಡಲಿ),
ಮೈಕು ಕಿತ್ತುಕೊಂಡು ಪ್ರೀತಿ ಕೂಗಿದ,
ಪ್ರಯಾಣಿಕರೆಲ್ಲ ಚಪ್ಪಾಳೆ ತಟ್ಟಿ ಕುಣಿದರು.
ಅಲ್ಲಿ ಯಾರ ಪೆಟ್ಟಿಗೆಯೂ ತೂಕ ಮೀರಿರಲಿಲ್ಲ,
ಯಾರೂ ನೆಲದ ಮೇಲೆ ಕೂತು
ಸಾಬೂನು, ಹಾಲಿನ ಪುಡಿ ಹೊರಗೆ ತೆಗೆಯುತ್ತಿರಲಿಲ್ಲ.
ಚಪ್ಪಲಿ? ಇಡೀ ತಟ್ಟೆಯಲ್ಲಿ ಅವಳು ಬೂಟಿನಲ್ಲೇ ಇದ್ದಳು.

ಎಷ್ಟು ಸಿನಿಮಾ, ಎಷ್ಟು ವರ್ಷದಿಂದ?
ಬಾಂಡೇಜು ಬಿಚ್ಚಲು ಹೆದರುವವನಂತೆ
ಉಳಿದ ಅಂತ್ಯಗಳನ್ನು ನೆನೆಯದೆ ಮಲಗಿದೆ.

ಸಂಜೆ ಬಂದಳು. ಹಣೆ ಮುಟ್ಟಿದಳು,
ಬೆರಳಲ್ಲಿ ಲವಂಗದ ಎಣ್ಣೆಯ ವಾಸನೆ.
‘ಹೊಸದೇನಾದರೂ ನೋಡಿದ್ರಾ?’
ಹೂಂ ಅಂದೆ. ಕೋಯಾನ ಗೂಡಿನಲ್ಲೇ ಇಲ್ಲದ ಸಿನಿಮಾ
ನನ್ನ ಬಾಯಲ್ಲಿ ಶುರುವಾಯಿತು:
ಒಬ್ಬ ರೊಟ್ಟಿ ಸುಡುವವನು. ಅವನಿಗೆ ಹಲ್ಲುನೋವು.
ಕುರ್ಚಿಯಲ್ಲಿ ಒರಗಿ ಕಣ್ಣು ಬಿಟ್ಟರೆ
ದೀಪ ಹಿಡಿದವಳು ಆಕಳಿಕೆ ತಡೆಯುತ್ತಿದ್ದಾಳೆ.

‘ಯಾವ ಹಲ್ಲು?’
ಅಂದಳು ವಾರಿಜಾ, ಚಹಾ ಸೋಸುತ್ತ, ತಿರುಗದೆ.

ನಾನು ಗಾಬರಿಯಲ್ಲಿ
ನಾಲಿಗೆಯಿಂದ ಒಂದೊಂದೇ ಎಣಿಸತೊಡಗಿದೆ.