ಎರಡು ಸುತ್ತುಗಳ ನಡುವೆ

ಬೆಳಗಿನ ಪಾವು ಮುಗಿಯಿತು. ಸಂಜೆಯದು ಇನ್ನೂ ಹಿಟ್ಟು.
ನಡುವಿನ ಎರಡು ತಾಸು ಸೈಕಲ್ಲಿನದು.
ದಿವಾಡಿ ನಡುಗಡ್ಡೆ ಮಲಗಿದೆ, ಬೇಕರಿಯ ನಾಯಿ ಕೂಡ.
ಬುಟ್ಟಿ ಇಳಿಸಿ, ಹಾರ್ನು ಬಿಚ್ಚಿ ಗೂಟಕ್ಕೆ ಹಾಕಿ
ಬಿಂಬಲ ಮರದ ಬುಡದಲ್ಲಿ
ತಲೆಕೆಳಗು ನಿಲ್ಲಿಸುತ್ತೇನೆ.

ಮೊದಲು ಮುಟ್ಟುವುದಿಲ್ಲ. ನೋಡುತ್ತೇನೆ, ಅಷ್ಟೆ.
ಹಲ್ಲುಚಕ್ರದ ಸಂದಿಯಲ್ಲಿ ವಾರವೆಲ್ಲ ಕೂತಿದೆ:
ಮೈದಾ, ಪೊಯಿಯ ಬೆನ್ನಿಗೆ ಉದುರಿಸಿದ ಗೋಧಿ ತವುಡು,
ಫೆರಿ ಹತ್ತುವಾಗ ಚಿಮ್ಮಿ ಒಣಗಿದ ಉಪ್ಪುನೀರು,
ಪಿಯೇದಾದ್ ದಿಣ್ಣೆಯ ಕೆಂಪು ಧೂಳು,
ಯಾರದೋ ಬೆಕ್ಕಿನ ಒಂದೇ ಒಂದು ಕೂದಲು.
ಎಣ್ಣೆ ಇವರನ್ನೆಲ್ಲ ಕರೆದು ಕೂರಿಸಿಕೊಂಡು
ಮಸಿಯಾಗಿದೆ, ರೊಟ್ಟಿ ಹಂಚಿನ ಅಂಚಿನಷ್ಟು ಗಟ್ಟಿ.

ಲಾಕಿನ ಕ್ಲಿಪ್ಪು ಮೀನಿನ ಆಕಾರ.
ಇಕ್ಕಳದಲ್ಲಿ ಬಾಲ ಹಿಡಿದು ಒತ್ತಿದರೆ ಟಕ್ಕನೆ ಹಾರುತ್ತದೆ.
ಹೋದ ತಿಂಗಳು ಹಾರಿದ್ದು ತರಗೆಲೆಯಲ್ಲಿ ಸಿಗಲೇ ಇಲ್ಲ,
ಆ ಸಂಜೆ ಬುಟ್ಟಿ ತಲೆಯ ಮೇಲೆ ಹೊತ್ತು
ಮಾಲಾರ್ ತನಕ ನಡೆದೆ, ಬಾಯಲ್ಲೇ ಹಾರ್ನು ಊದುತ್ತ.
ಈಗ ಬೆರಳು ಅಡ್ಡ ಇಟ್ಟೇ ಬಿಚ್ಚುತ್ತೇನೆ.

ಚೈನು ಡಬ್ಬಿಗೆ ಇಳಿಯುತ್ತದೆ
ನೀರುಹಾವಿನ ಹಾಗೆ, ಅವಸರವಿಲ್ಲದೆ.
ಸೀಮೆಎಣ್ಣೆ ಈಗ ಎಲ್ಲಿ ಸಿಗಬೇಕು?
ಫೆರಿಯ ಇಂಜಿನ್ ಕೋಣೆಯ ಕುಷ್ಟಾ
ಅರ್ಧ ಬಾಟ್ಲಿ ಡೀಸೆಲ್ ಕೊಡುತ್ತಾನೆ, ನಾಲ್ಕು ಬಿಸಿ ಪೊಯಿಗೆ.
ಮಾಲೀಕರಿಗೆ ಗೊತ್ತು.
ಗೊತ್ತಿಲ್ಲದವರ ಹಾಗೆ ಪೊಯಿ ಎಣಿಸುತ್ತಾರೆ.

ಡಬ್ಬಿ ಮುಚ್ಚಿ ಕುಲುಕುತ್ತೇನೆ.
ಸುರಿದರೆ ಮೊದಲ ಸಲ ಡಾಂಬರು,
ಎರಡನೆಯ ಸಲ ಹಾಲು ಹಾಕದ ಚಹಾ,
ಮೂರನೆಯ ಸಲ ತಳದಲ್ಲಿ ಉಸುಕಿನ ಕಾಳು ಕಾಣುತ್ತವೆ.
ಸಾಕು. ಇನ್ನು ಹಲ್ಲುಜ್ಜಿ ಸವೆದ ಬ್ರಶ್ಶು,
ಒಂದೊಂದು ಕೊಂಡಿ, ನಾಲ್ಕು ನಾಲ್ಕು ಮಗ್ಗುಲು.

ಜಗಲಿಯಲ್ಲಿ ಜಪಮಣಿ ಹಿಡಿದು ಕೂತ ಆವೆಲೀನ್ ಮಾಯ್
ಕೇಳುತ್ತಾಳೆ: ಎಷ್ಟು ಮಣಿಯೋ ನಿನ್ನದು?
ನೂರಾ ಹನ್ನೆರಡು, ಮಾಯ್.
ದೇವರೇ! ನನಗೆ ಐವತ್ತೊಂಬತ್ತಕ್ಕೇ ತೂಕಡಿಕೆ,
ಅನ್ನುತ್ತಾಳೆ. ತೂಕಡಿಸುತ್ತಾಳೆ.

ಹಿಂದಿನ ಚಕ್ರದ ಹಲ್ಲುಗಳಿಗೆ ಅರಿವೆಯ ಚೂರು,
ಹಿಟ್ಟಿನ ಚೀಲದ್ದು, ಗಿರಣಿಯ ಹೆಸರು ಅರ್ಧ ಉಳಿದದ್ದು,
ಆಚೆಯಿಂದ ಈಚೆ, ಈಚೆಯಿಂದ ಆಚೆ.
ಒಣಗಿದ ಚೈನಿಗೆ ಕೊಂಡಿಗೊಂದು ಹನಿ ಎಣ್ಣೆ,
ಮತ್ತೆ ಹೊರಗಿನದೆಲ್ಲ ಒರೆಸಿಬಿಡಬೇಕು.
ಹೆಚ್ಚಾದ ಎಣ್ಣೆಯೇ ನಾಳೆಯ ಮಸಿ.
ಕ್ಲಿಪ್ಪಿನ ಮೂತಿ ಚೈನು ಓಡುವ ದಿಕ್ಕಿಗೆ.
ಲಕ್ಷ್ಮೇಶ್ವರದಲ್ಲಿ ಪಂಕ್ಚರ್ ಅಂಗಡಿಯ ಹುಸೇನಸಾಬ
ಪಾನಾದಿಂದ ಮೊಣಕಾಲಿಗೆ ತಟ್ಟಿ ಕಲಿಸಿದ್ದ:
‘ಮೀನಾ ಎಂದಾರ ಬಾಲ ಮುಂದ ಮಾಡಿ ಈಸತೈತೇನಲೇ?’

ಪೆಡಲು ತಿರುಗಿಸುತ್ತೇನೆ. ಸದ್ದಿಲ್ಲ.
ಸದ್ದಿಲ್ಲದ್ದನ್ನು ಕೇಳಲೆಂದು ಇನ್ನೊಮ್ಮೆ.

ಸೈಕಲ್ಲಿಗಿಂತ ಕಷ್ಟ ಈ ಕೈ.
ಬಂದ ವರ್ಷವೇ ನಾರ್ವೆಯ ಎಲ್ವೀರಾ ಟೀಚರು
ಒಂದು ಉಂಡೊ ವಾಪಸು ಕೊಟ್ಟಿದ್ದರು,
ಮೇಲೆ ಕಪ್ಪಗೆ ಹೆಬ್ಬೆಟ್ಟು.
‘ನಿನ್ನ ಸಹಿ ಇದೆಯಪ್ಪ, ನಿನ್ನದೇ ಇರಬೇಕು.’
ಬೇಲಿಯ ಆಚೆಯವರೂ ನಕ್ಕರು.
ಫೆರಿಕಟ್ಟೆಯಲ್ಲಿ ಕೂತು ಸಹಿಯ ಸಮೇತ ತಿಂದೆ.
ರುಚಿ ಕೆಟ್ಟಿರಲಿಲ್ಲ. ಅದೇ ಬೇಜಾರು.

ಈಗ ಭಟ್ಟಿಯ ಬೂದಿ, ತೆಂಗಿನ ನಾರು,
ಮೇಲೆ ಬಿಂಬಲದ ಕಾಯಿ ಹಿಂಡಿದ ಹುಳಿ.
ಗೀರುಗಳಲ್ಲಿ ಉರಿ ಹತ್ತುತ್ತದೆ.
ಉಗುರಿಗೆ ಬೆಂಕಿಕಡ್ಡಿ. ಸೋಪು. ಮತ್ತೆ ಬೂದಿ.
ಒಳಗೆ ಸಲಿಕೆ ಕಲ್ಲಿಗೆ ಉಜ್ಜುತ್ತಿದೆ,
ಬಿಸಿ ಪಾವಿನ ವಾಸನೆ ಅಂಗಳಕ್ಕೆ ಬಂದು
ಡೀಸೆಲನ್ನು ಮೆಲ್ಲಗೆ ತಳ್ಳುತ್ತಿದೆ.

ಎದ್ದ ಮಾಯಿಯ ಮೂಗಿನ ಮುಂದೆ
ಎರಡೂ ಅಂಗೈ ಚಾಚುತ್ತೇನೆ, ಶಾಲೆಯ ಹುಡುಗನಂತೆ.
ಕಣ್ಣು ಮುಚ್ಚಿ ಮೂಸುತ್ತಾಳೆ, ಎಡಗೈ, ಬಲಗೈ,
ಮತ್ತೆ ಎಡಗೈ.
‘ಇದೊಂದು ಇನ್ನೂ ದೋಣಿಯಲ್ಲೇ ಇದೆ,’ ಅನ್ನುತ್ತಾಳೆ.
ಬಾವಿಯ ಕಡೆ ನಡೆಯುತ್ತೇನೆ.