ಮುಖಕ್ಕುರು

ಹೊಸಂಗಡಿ ರೈಲ್ವೆ ಗೇಟಿನ ಹತ್ತಿರ ನಮ್ಮದು
ಎರಡು ಕುರ್ಚಿಯ ಸಲೂನು.
ಎದುರಿಗೊಂದು ಕನ್ನಡಿ, ಬೆನ್ನಿಗೊಂದು ಕನ್ನಡಿ.
ಕಸಬರಿಕೆ ಹಿಡಿದು ನಡುವೆ ನಿಂತರೆ ಸಾಕು,
ಒಂದು ಮೊಡವೆ ನೂರು ಮೊಡವೆ,
ನೂರು ನಾನು, ಒಬ್ಬನಿಗಿಂತ ಒಬ್ಬ ಸಣ್ಣವ,
ಒಬ್ಬನ ಮುಖವೂ ನುಣ್ಣಗಿಲ್ಲ.

ಕುರ್ಚಿಯಲ್ಲಿ ಕೂತವರ ಕೈ ಬಟ್ಟೆಯೊಳಗೆ,
ಬಾಯಿಗೆ ಯಾರೂ ಬಟ್ಟೆ ಹೊದೆಸಿಲ್ಲ.
"ಹೀಟು ಮಾರಾಯ, ದಿನಾ ಒಂದು ಬೊಂಡ ಕುಡಿ."
"ಬಂಗುಡೆ ಬಿಡು." "ಬಂಗುಡೆ ಅಲ್ಲ, ಮೊಟ್ಟೆ."
"ರಾತ್ರಿ ಹಲ್ಲಿನ ಪೇಸ್ಟು ಮೆತ್ತಿ ಮಲಗು, ನೋಡು ಮತ್ತೆ."
ಮೆತ್ತಿದೆ. ನೋಡಿದೆ.
ಬೆಳಿಗ್ಗೆ ಕೆನ್ನೆಗೆ ಪುದೀನದ ವಾಸನೆ,
ಮೊಡವೆ ಅಲ್ಲೇ, ಹಲ್ಲುಜ್ಜಿಕೊಂಡ ಹಾಗೆ ಹೊಳೆಯುತ್ತ.
ಅಜ್ಜಿ ಹಾಲಿನಲ್ಲಿ ಜಾಯಿಕಾಯಿ ತೇದಳು.
ಅಪ್ಪ ಪಟಿಕದ ಕಲ್ಲು ಉಜ್ಜಿದ, ಉರಿಯಿತು, ಅಷ್ಟೇ.

ಮೂಸಕುಂಞಿಯವರು ದುಬೈಯಿಂದ ಬಂದವರು
ಕ್ರಾಪು ಮುಗಿದ ಮೇಲೆ ಕಿಸೆಯಿಂದ ಟ್ಯೂಬು ತೆಗೆದರು.
"ಐದು ದಿವಸ. ನನ್ನ ಅಳಿಯನಿಗೆ ಐದೇ ದಿವಸ."
ಹೌದು, ಐದೇ ದಿವಸ.
ಆರನೆಯ ದಿನ ಪ್ಲಸ್ ಟು ಕ್ಲಾಸಿನಲ್ಲಿ
ಹಿಂದಿನ ಬೆಂಚು ಬಿಟ್ಟು ಮುಂದೆ ಬಂದು ಕೂತೆ.
ಬಬಿತಾ ಕ್ರಾಸ್ತಾ ಕೇಳಿದಳು, ಎಂಥ ಹಚ್ಚಿದ್ದು?
ಎಂಥದೂ ಇಲ್ಲ ಅಂದೆ,
ಹುಟ್ಟಿದ್ದೇ ಹೀಗೆ ಎಂಬ ಹಾಗೆ.
ಟ್ಯೂಬು ಮುಗಿಯಿತು.
ಹಿಂಡಿ, ಸುರುಳಿ ಸುತ್ತಿ, ಕತ್ತರಿಯಲ್ಲಿ ಸೀಳಿ ಕೆರೆದೆ.
ಆಮೇಲೆ ಬಂದವು ನೋಡಿ,
ಹೇಗೋ ಸಾಗಹಾಕಿದ ನೆಂಟರು
ಮಕ್ಕಳುಮರಿ ಕಟ್ಟಿಕೊಂಡು ಮರಳಿದ ಹಾಗೆ.

ಅಪ್ಪನಿಗೆ ಹೇಳದೆ ಕಾಸರಗೋಡಿನ ದೊಡ್ಡ ಆಸ್ಪತ್ರೆಗೆ ಹೋದೆ.
ಚರ್ಮದ ಡಾಕ್ಟರು ಸಿಗುವ ಬುಧವಾರ, ಟೋಕನ್ ನೂರಾ ಹದಿನೇಳು.
ಎದುರಿನ ಬೆಂಚಿನಲ್ಲಿ ನನ್ನಂಥವರು ಆರು ಮಂದಿ,
ಎಲ್ಲರೂ ನೆಲ ನೋಡುವವರೇ.
ಡಾಕ್ಟರು ಪಯ್ಯನ್ನೂರು ಕಡೆಯವರು,
ನರ್ಸಿನ ಕಡೆ ತಿರುಗಿ 'ಮುಖಕ್ಕುರು' ಅಂದರು.
ನಮ್ಮಲ್ಲಿ ಕುರು ಅಂದರೆ ಕೀವು, ನೋವು, ಸೂಜಿ.
ಅವರಲ್ಲಿ ಕುರು ಅಂದರೆ ಬೀಜವೂ ಹೌದು,
ಹಲಸಿನದ್ದು, ಹುಣಸೆಯದ್ದು.
ಹಾಗಾದರೆ ಬಿತ್ತಿದವರು ಯಾರು, ಕೇಳಬೇಕೆನಿಸಿತು.
ಮಲಯಾಳದಲ್ಲಿ ಅಷ್ಟು ಉದ್ದದ ವಾಕ್ಯ ನನಗೆ ಬಾರದು.

ಖಾಲಿ ಟ್ಯೂಬಿನ ಸಣ್ಣ ಅಕ್ಷರ ಓದಿ ಕನ್ನಡಕ ತೆಗೆದರು.
ಸ್ಟಿರಾಯ್ಡ್ ಇದು, ಇನ್ನು ಮುಟ್ಟಬೇಡ.
ಬರೆದುಕೊಟ್ಟ ಜೆಲ್ಲು ಕಡಲೆಕಾಳಿನಷ್ಟು, ರಾತ್ರಿ ಮಾತ್ರ,
ಮೊದಮೊದಲು ಸಿಪ್ಪೆ ಏಳುತ್ತದೆ, ಹೆದರಬೇಡ,
ಹಿಸುಕಬೇಡ. ಬಂಗುಡೆ ತಿನ್ನು.
ಎಷ್ಟು ದಿವಸ?
ದಿವಸ ಅಲ್ಲ, ವಾರ. ಎಂಟು. ಕೆಲವರಿಗೆ ಹನ್ನೆರಡು.
ಹದಿನೇಳು ವರ್ಷದವನಿಗೆ ಎಂಟು ವಾರ ಅಂದರೆ ಎಷ್ಟೆಂದು
ಅವರಿಗೆ ಮರೆತುಹೋಗಿರಬೇಕು.

ಗುಟ್ಟು ರಟ್ಟು ಮಾಡಿದ್ದು ಬೈರಾಸು.
ಅಂಗಡಿಯ ನೀಲಿ ಬೈರಾಸಿಗೆ ಮುಖ ಒರೆಸಿದ್ದೆ,
ಒರೆಸಿದಲ್ಲೆಲ್ಲ ನೀಲಿ ಹೋಗಿ ಕೆಂಚು ಕಲೆ.
ಅಪ್ಪ ಅದನ್ನು ಬೆಳಕಿಗೆ ಹಿಡಿದ.
"ಬಟ್ಟೆಯ ಬಣ್ಣ ತಿಂದದ್ದು ಮುಖ ತಿನ್ನುವುದಿಲ್ಲವೋ?"
"ಇಲ್ಲವಂತೆ. ಬಟ್ಟೆ ಮಾತ್ರ."
ರಾತ್ರಿ ಶಟರ್ ಎಳೆದ ಮೇಲೆ ಕುರ್ಚಿಯಲ್ಲಿ ಕೂರಿಸಿ
ನನ್ನ ಎಳೆ ಗಡ್ಡ ತೆಗೆದ.
ಕತ್ತಿ ಒಂದೊಂದು ಮೊಡವೆಗೂ ದಾರಿ ಬಿಟ್ಟು
ಸುತ್ತು ಬಳಸಿ ಹೋಯಿತು.
ಮದುಮಗನಿಗೂ ಅವನು ಇಷ್ಟು ನಿಧಾನ ಮಾಡಿದ್ದಿಲ್ಲ.

ಅಷ್ಟು ಹತ್ತಿರದಿಂದ ಅವನ ಕೆನ್ನೆ ನೋಡಿದ್ದು ಅವತ್ತೇ.
ಆ ಕುಳಿಗಳನ್ನು ನಾನು ಸಿಡುಬು ಅಂದುಕೊಂಡಿದ್ದೆ.
"ಸಿಡುಬಲ್ಲ," ಅಂದ, ಕತ್ತಿ ಒರೆಸುತ್ತ.
"ನನ್ನ ಕೈಯಲ್ಲಿ ಬ್ಲೇಡಿತ್ತು. ಬೇಡ ಅನ್ನುವವರಿರಲಿಲ್ಲ."

ಈಗ ಐದನೆಯ ವಾರ.
ಸಿಪ್ಪೆ ಏಳುವುದು ನಿಂತಿದೆ, ಹಣೆ ಪರವಾಗಿಲ್ಲ,
ಮೂಗಿನ ತುದಿಗೆ ಹೊಸತೊಂದು ಬಂದಿದೆ.
ಬಬಿತಾ ನೋಡಿದಳೋ ಇಲ್ಲವೋ,
ಹಿಂದಿನ ಬೆಂಚಿಗಂತೂ ನಾನು ಹೋಗಿಲ್ಲ.
ಕುರ್ಚಿಯಲ್ಲಿ ಕೂತವರು ಇನ್ನೂ ಹೇಳುತ್ತಾರೆ,
ಬೊಂಡ, ಮೊಟ್ಟೆ, ಪೇಸ್ಟು.
ಅಪ್ಪ ಮಾತಾಡುವುದಿಲ್ಲ.
ಅವರ ತಲೆಯನ್ನು ಎರಡು ಬೆರಳಲ್ಲಿ ಹಿಡಿದು
ಮೆಲ್ಲ ಆಚೆ ತಿರುಗಿಸುತ್ತಾನೆ.