ನಿವ್ವಳ

ಕಡತ ಬಂದದ್ದು ಶುಕ್ರವಾರ, ಊಟದ ಹೊತ್ತಿಗೆ.
ಹುಬ್ಬಳ್ಳಿಯ ನವೋದ್ಯಮವೊಂದು, ಮೂರು ವರ್ಷದ ಕೂಸು,
ಸರಕಾರದ ಜೊತೆ ಮೂವತ್ತು ವರ್ಷದ ಒಡಂಬಡಿಕೆ:
ಅಘನಾಶಿನಿಯ ಅಳಿವೆಯಲ್ಲಿ ಕಾಂಡ್ಲಾ ನೆಡುವುದು,
ಅದು ಗಾಳಿಯಿಂದ ನುಂಗಿದ ಇಂಗಾಲವನ್ನು
ಗೂಟದ ತುದಿಯ ಯಂತ್ರದಿಂದ ಅಳೆಯುವುದು,
ಅಳೆದದ್ದನ್ನು ಮಾರುವುದು.
ನನ್ನ ಪಾಲಿನ ಕೆಲಸ ಇಷ್ಟೇ. ನಲವತ್ತೊಂದು ಪುಟ,
ಸೋಮವಾರದೊಳಗೆ ಕನ್ನಡಕ್ಕೆ.

ಮೊದಲ ಸಾಲಲ್ಲೇ ಸಿಕ್ಕಿಬಿದ್ದೆ: ನೆಟ್ ಝೀರೋ.
ನೆಟ್ ಅಂದರೆ ಕಾರವಾರದಲ್ಲಿ ಯಾರನ್ನು ಕೇಳಿದರೂ ಬಲೆ.
ಸೊನ್ನೆ ಬಲೆ. ಖಾಲಿ ಬಲೆ.
ಅದು ಬೈತಖೋಲದ ದಕ್ಕೆಯಲ್ಲಿ ದಿನಾ ಕಾಣುತ್ತದೆ,
ಅದಕ್ಕೆ ಒಡಂಬಡಿಕೆ ಬೇಕಿಲ್ಲ.

ನಿಘಂಟು ಕೊಟ್ಟದ್ದು ನಿವ್ವಳ ಶೂನ್ಯ.
ನಿವ್ವಳ ನನಗೆ ಗೊತ್ತು. ಸಂಬಳದ ಚೀಟಿಯ ಕೊನೆಯ ಸಾಲು,
ವಿಮೆ, ಸೊಸೈಟಿ ಸಾಲ, ಹಬ್ಬದ ಮುಂಗಡ
ಎಲ್ಲ ಕಚ್ಚಿಕೊಂಡು ಹೋದ ಮೇಲೆ ಉಳಿಯುವ ಮುಳ್ಳು.
ಅದು ಶೂನ್ಯವಾದ ತಿಂಗಳೂ ಗೊತ್ತು.
ಅದನ್ನು ಗುರಿ ಎಂದು ಯಾರೂ ಕರೆದಿರಲಿಲ್ಲ.

ಶನಿವಾರ ಸ್ಥಳ ಪರಿಶೀಲನೆಗೆ ಜೀಪು ಹೊರಟಿತು. ನಾನೂ ಹತ್ತಿದೆ.
ಐಗಳಕೂರ್ವೆಯ ಕೆಳಗೆ ಇಳಿತದ ಹೊತ್ತು,
ಹೊಳೆ ಸರಿದು ಕೆಸರಿನ ಬೆನ್ನು ಮೇಲೆದ್ದಿತ್ತು.
ರೇಶ್ಮಾ ಬಳಿಗಾರ, ಕಂಪನಿಯವಳು, ಇಪ್ಪತ್ತಾರು ಇರಬಹುದು,
ತೊಡೆಮಟ ಇಳಿದು ಉಕ್ಕಿನ ಕೊಳವೆ ಹೊಡೆದು
ಮಣ್ಣಿನ ಕೋಲೊಂದನ್ನು ಎಳೆದಳು,
ಮೀಟರುದ್ದ, ಕಪ್ಪು, ಕೊಳೆತ ಮೊಟ್ಟೆಯ ವಾಸನೆ.
“ನೋಡಿ ಸರ್, ಇಲ್ಲಿಗೆ ನೂರು ವರ್ಷ” ಎಂದು ಬೆರಳಿಟ್ಟಳು.
ಅವಳ ಕಣ್ಣಲ್ಲಿ ಸುಳ್ಳಿರಲಿಲ್ಲ. ಅದೇ ತೊಂದರೆ.

ಆಚೆ ಬೀರಮ್ಮ ಅಂಬಿಗ ಬಾಗಿದ್ದಳು,
ಮೊಣಕೈವರೆಗೆ ಹೊಳೆಯೊಳಗೆ ಕೈ,
ಕಣ್ಣು ಎಲ್ಲೋ, ಬೆರಳು ಬಳಚು ಹುಡುಕುತ್ತ.
“ಒಡೆಯಾ, ಕಾಂಡ್ಲಾ ನೆಡೂಕೆ ಬಂದ್ರಾ?
ಸಿಗಡಿ ಕೆರೆ ಮಾಡ್ತ್ರು ಅಂತ ಅದನ್ನ ಕಡ್ಸೂಕೂ
ಜೀಪಲ್ಲೇ ಬಂದಿದ್ರು.
ಆಗ್ಲೂ ಕಾಗ್ದ ಇತ್ತು.”

ಇತ್ತು.
ನಾನು ಬೆರಳಚ್ಚುಗಾರನಾಗಿ ಸೇರಿದ ವರ್ಷ,
ಆ ಕಾಗದ ಹೊಡೆದದ್ದು ನಾನು.
ಯಂತ್ರದ ‘ಳ’ ಸವೆದಿತ್ತು.
ಹೊಳೆ ಬಂದಲ್ಲೆಲ್ಲ
ಪೆನ್ನಿನಿಂದ ತುಂಬಿದ್ದೆ.

ಭಾನುವಾರ ರಾತ್ರಿ ಹದಿನಾಲ್ಕನೇ ಕಲಮು:
‘ನೆಟ್ಟ ಪ್ರದೇಶದಲ್ಲಿ ಮೂವತ್ತು ವರ್ಷ
ಯಾವುದೇ ಮಾನವ ಹಸ್ತಕ್ಷೇಪ ಇರತಕ್ಕದ್ದಲ್ಲ.’
ನಾನೇ ಬರೆದ ಕನ್ನಡ, ಸರಾಗ, ತಪ್ಪಿಲ್ಲದ್ದು.
ಮುಂದಿನ ಪುಟಕ್ಕೂ ಹೋಗಿದ್ದೆ.
ಮತ್ತೆ ಬಂದು ಪದ ಒಡೆದು ಓದಿದೆ.
ಹಸ್ತ. ಕ್ಷೇಪ.
ಕೆಸರಲ್ಲಿ ಕೈ ಹಾಕುವುದು.

ಸಾಹೇಬರಿಗೆ ಫೋನು ಮಾಡಿದೆ. “ಅನುವಾದ ಮಾಡಿ ಮಾರಾಯರೇ,
ಅರ್ಥ ಮಾಡಬೇಡಿ” ಎಂದರು, ನಗುತ್ತಲೇ. ಕೆಟ್ಟವರಲ್ಲ,
ಮೇಲೆ ಉತ್ತರ ಕೊಡಬೇಕು, ಗುರಿಯ ಇಸವಿ ಹತ್ತಿರ.
ರೇಶ್ಮಾಗೆ ಮಾಡಿದೆ. ಬಹಳ ಹೊತ್ತು ಸುಮ್ಮನಿದ್ದಳು.
“ಆ ಸಾಲು ಕೊಳ್ಳುವವರು ಕೇಳಿದ್ದು ಸರ್, ದೂರದವರು.
ಬಳಚು ಅಂದರೆ ಏನು ಅಂತ ಅವರಿಗೆ ಹೆಂಗ್ ಹೇಳ್ಲಿ?
ಒಂದು ಫೋಟೋ ಇದ್ರೆ ಕಳಸ್ರಿ, ಆ ಅಮ್ಮನ ಕೈದು.”

ಫೋಟೋ ಇರಲಿಲ್ಲ. ಬೀರಮ್ಮ ದುಡ್ಡು ಬೇಡವೆಂದು
ಚೀಲಕ್ಕೆ ಸುರಿದ ಬಳಚು ಇತ್ತು.
ಹೆಂಡತಿ ಉಪ್ಪುನೀರಲ್ಲಿ ನೆನೆಹಾಕಿದ್ದಳು, ಮರಳು ಬಿಡಲೆಂದು.
ರಾತ್ರಿಯಿಡೀ ಅಡುಗೆಮನೆಯಲ್ಲಿ ಚಿಪ್ಪಿನ ಟಿಕ್ ಟಿಕ್,
ಈಚೆ ನನ್ನ ಕೀಲಿಮಣೆ.

ಬೆಳಗಿನ ಜಾವ ಹದಿನಾಲ್ಕರ ಅಂಚಿನಲ್ಲಿ ಬರೆದೆ:
‘ಬಳಚು ಹೆಕ್ಕುವ ಕೈಗಳನ್ನು ಹೊರತುಪಡಿಸಿ.’
ಈಗಿನ ಪ್ರಿಂಟರಿನಲ್ಲಿ ‘ಳ’ ಸವೆಯುವುದಿಲ್ಲ.
ಆದರೂ ಪೆನ್ನಿನಲ್ಲೇ ಬರೆದೆ.

ಹನ್ನೊಂದಕ್ಕೆ ಕಡತ ಮೇಲೆ ಹೋಯಿತು. ಇನ್ನೂ ಇಳಿದಿಲ್ಲ.
ಬಳಚಿನ ಪಾತ್ರೆಯ ತಳದಲ್ಲಿ ಉಳಿದ ಒಂದು ಚಮಚ ಕೆಸರು,
ಯಾವ ಖಾತೆಗೂ ಏರದ್ದು, ಬಚ್ಚಲಿಗೆ ಚೆಲ್ಲಲು ಮನಸ್ಸಾಗದೆ
ಔಷಧಿ ಬಾಟಲಿಯ ಮುಚ್ಚಳದಲ್ಲಿ ತುಂಬಿಟ್ಟಿದ್ದೇನೆ.
ಕಿಟಕಿಯಲ್ಲಿದೆ.
ಒಣಗುತ್ತಿದೆ.